ನಿಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರು ಯಾರು?

ಹಳ್ಳಿಯಲ್ಲಿ ಮತವಿರುವ ಯಾರನ್ನಾದರೂ ಕೇಳಿ ನೋಡಿ. ಶಾಸಕರ ಹೆಸರು ಥಟ್ಟನೆ ಹೇಳುತ್ತಾರೆ. ಸಂಸದರ ಹೆಸರಿಗೆ ಸ್ವಲ್ಪ ಯೋಚಿಸಬೇಕಾಗುತ್ತದೆ, ಆದರೂ ಬರುತ್ತದೆ. ಗ್ರಾಮ ಪಂಚಾಯಿತಿಯ ಮೆಂಬರಂತೂ ಪಕ್ಕದ ಬೀದಿಯವರೇ. ಜಿಲ್ಲಾ ಪಂಚಾಯಿತಿ ಸದಸ್ಯರು ಯಾರು ಎಂದರೆ ಮಾತ್ರ ತಡವರಿಸುತ್ತಾರೆ. ನೆನಪು ಗಟ್ಟಿಯಿರುವವರು ಒಂದು ಹೆಸರು ಹೇಳಿ, ‘ಅವರೀಗ ಮಾಜಿ’ ಅನ್ನುತ್ತಾರೆ. ಹಾಗಾದರೆ ಹಾಲಿ ಯಾರು? ಯಾರೂ ಇಲ್ಲ. ಕರ್ನಾಟಕದ ಯಾವ ಜಿಲ್ಲೆಯಲ್ಲೂ ಇಲ್ಲ.

ಕೊನೆಯ ಸಲ ಈ ರಾಜ್ಯದ ಜನ ಜಿಲ್ಲಾ ಪಂಚಾಯಿತಿಗೂ ತಾಲ್ಲೂಕು ಪಂಚಾಯಿತಿಗೂ ಮತ ಹಾಕಿದ್ದು 2016ರ ಫೆಬ್ರುವರಿಯಲ್ಲಿ. ಆಗ ಆರಿಸಿ ಬಂದವರ ಅವಧಿ 2021ರ ಬೇಸಿಗೆಯಲ್ಲಿ ಮುಗಿಯಿತು. ಆಮೇಲೆ ಕುರ್ಚಿಯಲ್ಲಿ ಕೂತದ್ದು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ. ಕೋವಿಡ್ ಎರಡನೇ ಅಲೆಯ ಆ ದಿನಗಳಲ್ಲಿ ಆರು ತಿಂಗಳು ತಡವಾಗಲಿ ಎಂದಿದ್ದರೆ ಒಪ್ಪಬಹುದಿತ್ತು, ಒಪ್ಪಿಯೂ ಇದ್ದೆವು. 2022 ಹೋಯಿತು, 2023 ಹೋಯಿತು, 2024 ಹೋಯಿತು, 2025ರಲ್ಲೂ ಮತಪೆಟ್ಟಿಗೆ ಹೊರಬರಲಿಲ್ಲ. ಈ ನಡುವೆ ವಿಧಾನಸಭೆಗೆ ಚುನಾವಣೆ ನಡೆದಿದೆ, ಲೋಕಸಭೆಗೆ ನಡೆದಿದೆ, ಉಪಚುನಾವಣೆಗಳು ನಡೆದಿವೆ. ಅವುಗಳಿಗೆಲ್ಲ ಶಾಲೆಯ ಕೊಠಡಿ ಸಿಕ್ಕಿತು, ಮೇಷ್ಟರು ಸಿಕ್ಕರು, ಪೊಲೀಸರು ಸಿಕ್ಕರು, ಶಾಯಿ ಸಿಕ್ಕಿತು. 

ಬೇಜಾರಿನ ಸಂಗತಿ ಎಂದರೆ ಇದರ ಬಗ್ಗೆ ಎಲ್ಲೂ ಗಲಾಟೆಯಾಗಲಿಲ್ಲ. ವಿಧಾನಸಭೆಯ ಅವಧಿ ಮುಗಿದು ನಾಲ್ಕು ವರ್ಷ ಚುನಾವಣೆಯೇ ನಡೆಯದಿದ್ದರೆ ಈ ನಾಡು ಹೊತ್ತಿ ಉರಿಯುತ್ತಿತ್ತು. ಸಂವಿಧಾನದ ಕೊಲೆ ಎಂದು ಪತ್ರಿಕೆಗಳು ಮುಖಪುಟದಲ್ಲಿ ಬರೆಯುತ್ತಿದ್ದವು. ಅದೇ ಸಂವಿಧಾನದ 243-ಇ ವಿಧಿ ಪಂಚಾಯಿತಿಗಳ ಅವಧಿ ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ, ಆ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕು ಎನ್ನುತ್ತದೆ. ವಿಧಾನಸಭೆಯನ್ನು ಕಾಯುವ ವಿಧಿಗೂ ಇದಕ್ಕೂ ಬರೆದ ಶಾಯಿಯಲ್ಲಿ ವ್ಯತ್ಯಾಸವಿಲ್ಲ. ಆದರೂ ಹಳ್ಳಿಯವರ ಮತ ಕಾಣೆಯಾದಾಗ ನಾವು ಅದನ್ನು ‘ವಿಳಂಬ’ ಎಂದು ಕರೆದು ಒಳಪುಟದಲ್ಲಿ ಹಾಕಿದೆವು.

ಈ ಮೌನ ಇವತ್ತಿನದಲ್ಲ. ನಮ್ಮ ಜಿಲ್ಲಾ ಸಂಸ್ಥೆಗಳ ಚುನಾವಣಾ ಚರಿತ್ರೆಯನ್ನು ಬಿಚ್ಚಿದರೆ ನಡೆದ ಚುನಾವಣೆಗಳಷ್ಟೇ ನಡೆಯದ ಚುನಾವಣೆಗಳೂ ಎದುರಾಗುತ್ತವೆ.

ಹಳೇ ಮೈಸೂರಿನಲ್ಲಿ ಡಿಸ್ಟ್ರಿಕ್ಟ್ ಬೋರ್ಡುಗಳಿದ್ದವು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬಿಜಾಪುರ, ಬೆಳಗಾವಿಗಳಲ್ಲಿ ಜಿಲ್ಲಾ ಲೋಕಲ್ ಬೋರ್ಡು. ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡದಲ್ಲೂ ಡಿಸ್ಟ್ರಿಕ್ಟ್ ಬೋರ್ಡು. ಕರಾವಳಿಯ ಹಿರಿಯರು ಇವತ್ತಿಗೂ ತಾವು ಓದಿದ್ದು ಬೋರ್ಡ್ ಹೈಸ್ಕೂಲಿನಲ್ಲಿ ಎನ್ನುತ್ತಾರೆ. ಮತ ಎಲ್ಲರಿಗೂ ಇರಲಿಲ್ಲ, ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ ಮಾತ್ರ. ಅಷ್ಟಿದ್ದರೂ ರಸ್ತೆ, ಶಾಲೆ, ಔಷಧಾಲಯಗಳನ್ನು ಜಿಲ್ಲೆಯವರೇ ಕೂತು ತೀರ್ಮಾನಿಸಬೇಕೆಂಬ ರೂಢಿ ಬೇರೂರಿತ್ತು.

ರಾಜ್ಯ ಒಂದಾದ ಮೇಲೆ ಆ ರೂಢಿಯನ್ನು ಬೆಳೆಸುವ ಬದಲು ಕತ್ತರಿಸಿದೆವು. 1959ರ ಕಾಯಿದೆ ತಾಲ್ಲೂಕು ಅಭಿವೃದ್ಧಿ ಮಂಡಳಿಗಳನ್ನು ಚುನಾಯಿತ ಸಂಸ್ಥೆಗಳನ್ನಾಗಿ ಮಾಡಿತು, ಜಿಲ್ಲೆಯ ಮಟ್ಟದಲ್ಲಿ ಮಾತ್ರ ಡೆಪ್ಯುಟಿ ಕಮಿಷನರ್ ಅಧ್ಯಕ್ಷತೆಯ ಒಂದು ಅಭಿವೃದ್ಧಿ ಪರಿಷತ್ತನ್ನು ಇಟ್ಟಿತು. ಅಲ್ಲಿಗೆ ಜನ ನೇರವಾಗಿ ಯಾರನ್ನೂ ಆರಿಸಿ ಕಳಿಸುತ್ತಿರಲಿಲ್ಲ. ತಾಲ್ಲೂಕು ಮಂಡಳಿಗಳಿಗೆ ಚುನಾವಣೆ ನಡೆದ ವರ್ಷಗಳನ್ನು ನೋಡಿ: 1960, 1968, 1978. ಒಮ್ಮೆ ಎಂಟು ವರ್ಷದ ಅಂತರ, ಇನ್ನೊಮ್ಮೆ ಹತ್ತು ವರ್ಷದ್ದು. ‘ಅವಧಿ ವಿಸ್ತರಿಸಲಾಗಿದೆ’ ಎಂಬ ಸರ್ಕಾರಿ ಆದೇಶದ ಒಂದು ಸಾಲಿನಲ್ಲಿ ಹಳ್ಳಿಗಳ ಒಂದಿಡೀ ತಲೆಮಾರಿನ ಮತ ಹೂತುಹೋಗಿದೆ.

ಆ 1978ರ ಚುನಾವಣೆಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮೈಸೂರು ತಾಲ್ಲೂಕು ಮಂಡಳಿಗೆ ಆಗ ಆರಿಸಿಬಂದವರಲ್ಲಿ ಸಿದ್ದರಾಮನಹುಂಡಿಯ ಒಬ್ಬ ಯುವ ವಕೀಲರಿದ್ದರು. ಐದು ವರ್ಷದಲ್ಲಿ ಶಾಸಕರಾದರು, ಮುಂದೆ ಎರಡು ಸಲ ಮುಖ್ಯಮಂತ್ರಿಯಾದರು. ಎಚ್.ಡಿ. ದೇವೇಗೌಡರೂ ಹೊಳೆನರಸೀಪುರದ ತಾಲ್ಲೂಕು ಮಂಡಳಿಯಲ್ಲಿ ಪಳಗಿದವರು, ಅಲ್ಲಿಂದ ಹೊರಟವರು ಪ್ರಧಾನಿಯ ಕುರ್ಚಿಯವರೆಗೂ ಹೋದರು. ಅಪ್ಪ ಮಂತ್ರಿಯಲ್ಲದ, ಮಾವ ಸಕ್ಕರೆ ಕಾರ್ಖಾನೆಯ ಮಾಲೀಕನಲ್ಲದ ಹುಡುಗನೊಬ್ಬ ರಾಜಕಾರಣಕ್ಕೆ ಬರಲು ಈ ನಾಡಿನಲ್ಲಿದ್ದ ಮೆಟ್ಟಿಲು ಅದು.

ಈಗ 1987ಕ್ಕೆ ಬರೋಣ. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಮ್ಮ ರಾಜ್ಯ ದೇಶಕ್ಕೆ ಪಾಠ ಹೇಳಿದ ಕಾಲ ಅದು.

ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬರ ಕೈಯಲ್ಲಿತ್ತು. ಊರೂರಿಗೆ ಬೋರ್‌ವೆಲ್ ಕೊರೆಸಿ ನೀರು ಕೊಟ್ಟಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದರು. ನೀರಿಗಿಂತ ದೊಡ್ಡದಾದ ಇನ್ನೊಂದನ್ನೂ ಅವರು ಹಳ್ಳಿಗೆ ತಂದರು. 1983ರಲ್ಲಿ ಶಾಸನಸಭೆ ಒಪ್ಪಿದ ಅವರ ಮಸೂದೆ ರಾಷ್ಟ್ರಪತಿಗಳ ಅಂಕಿತ ಪಡೆದು ಜಾರಿಗೆ ಬಂದದ್ದು 1985ರಲ್ಲಿ. ಅದರ ಪ್ರಕಾರ ಜಿಲ್ಲೆಗೊಂದು ಚುನಾಯಿತ ಜಿಲ್ಲಾ ಪರಿಷತ್ತು, ಹತ್ತು ಸಾವಿರ ಆಸುಪಾಸಿನ ಜನಸಂಖ್ಯೆಗೆ ಒಂದು ಮಂಡಲ ಪಂಚಾಯಿತಿ. ಗ್ರಾಮ, ಜಿಲ್ಲೆ, ರಾಜ್ಯ, ಕೇಂದ್ರ ಎಂಬ ನಾಲ್ಕು ಕಂಬಗಳ ಮೇಲೆ ರಾಜ್ಯಭಾರ ನಿಲ್ಲಬೇಕು ಎಂದು ಲೋಹಿಯಾ ಹೇಳಿದ್ದು ಭಾಷಣಗಳಲ್ಲಿ ಉಳಿದಿತ್ತು. ಎರಡನೇ ಕಂಬವನ್ನು ನೆಟ್ಟು ನಿಲ್ಲಿಸಿದ್ದು ಇಲ್ಲಿ.

1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ತುಗಳಿಗೆ 887 ಸದಸ್ಯರು, ಎರಡೂವರೆ ಸಾವಿರದಷ್ಟು ಮಂಡಲಗಳಿಗೆ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ. ನಾಲ್ಕರಲ್ಲೊಂದು ಸ್ಥಾನ ಹೆಂಗಸರಿಗೆ ಎಂದು ಕಾಯಿದೆಯಲ್ಲೇ ಬರೆದಿತ್ತು. ದೇಶದ ಸಂವಿಧಾನ ಮಹಿಳಾ ಮೀಸಲಾತಿಯ ಮಾತನ್ನು ಆಡಲು ಇನ್ನೂ ಆರು ವರ್ಷವಿತ್ತು! ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ ಎಂಬ ಐಎಎಸ್ ಅಧಿಕಾರಿ. ಆ ಅಧಿಕಾರಿ ಸೇವೆಯಲ್ಲಿ ಡೆಪ್ಯುಟಿ ಕಮಿಷನರಿಗಿಂತ ಹಿರಿಯರು. ಇದರ ಅರ್ಥ ಏನೆಂದು ಹಳ್ಳಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬ್ರಿಟಿಷರ ಕಾಲದಿಂದ ಜಿಲ್ಲೆಯ ದೊರೆಯಾಗಿದ್ದ ಕಲೆಕ್ಟರಿನ ಮೇಲೆ, ಮೊದಲ ಬಾರಿಗೆ, ಮತ ಪಡೆದವನೊಬ್ಬನಿಗೆ ಎತ್ತರದ ಕುರ್ಚಿ ಹಾಕಿದ್ದರು.

ಶಾಲೆ, ಆಸ್ಪತ್ರೆ, ಪಶುವೈದ್ಯ, ಕೃಷಿ, ಸಣ್ಣ ನೀರಾವರಿ, ಕುಡಿಯುವ ನೀರು ಎಲ್ಲ ಜಿಲ್ಲೆಗೆ ಬಂದವು. ಅವುಗಳ ನೌಕರರೂ ಹಣವೂ ಜೊತೆಗೇ ಬಂದವು. ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ಕೆ.ಎಸ್. ಕೃಷ್ಣಸ್ವಾಮಿಯವರ ಅಧ್ಯಕ್ಷತೆಯ ಸಮಿತಿ 1989ರಲ್ಲಿ ಈ ಪ್ರಯೋಗವನ್ನು ಪರಿಶೀಲಿಸಿ ವರದಿ ಕೊಟ್ಟಿತು. ಆ ಕಾಲದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಸಂಗತಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ: ಮೇಷ್ಟರು ಶಾಲೆಗೆ, ವೈದ್ಯರು ಆಸ್ಪತ್ರೆಗೆ ಹೆಚ್ಚು ಸರಿಯಾಗಿ ಬರತೊಡಗಿದರು. ಅದಕ್ಕೇನೂ ಕ್ರಾಂತಿ ಬೇಕಾಗಲಿಲ್ಲ. ‘ಮೇಷ್ಟರು ಬಂದಿಲ್ಲ’ ಎಂದು ಹೇಳಿಕೊಳ್ಳಲು ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕಾಗಿರಲಿಲ್ಲ, ಅಷ್ಟೆ.

ಜನತಾ ಪಕ್ಷ ಆ ಚುನಾವಣೆಯಲ್ಲಿ ಮುಂದಿತ್ತು, ಆದರೆ ಕಾಂಗ್ರೆಸ್ಸೂ ಕೆಲವು ಜಿಲ್ಲೆಗಳನ್ನು ಗೆದ್ದಿತು. ತಾವೇ ಅಧಿಕಾರ ಕೊಟ್ಟ ಸಂಸ್ಥೆಗಳಲ್ಲಿ ವಿರೋಧಿಗಳು ಕೂತದ್ದನ್ನು ಒಪ್ಪಿಕೊಂಡ ಸರ್ಕಾರ ಅದು. ನಜೀರ್ ಸಾಬರು 1988ರ ಅಕ್ಟೋಬರಿನಲ್ಲಿ ತೀರಿಕೊಂಡರು. ತಾವು ಕಟ್ಟಿದ್ದನ್ನು ಕೆಡವುವುದನ್ನು ನೋಡಲು ಅವರು ಇರಲಿಲ್ಲ.

ಮೊದಲ ಪರಿಷತ್ತುಗಳ ಐದು ವರ್ಷ 1992ರ ಜನವರಿಗೆ ತುಂಬಿತು. ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು, ಮುಖ್ಯಮಂತ್ರಿ ಎಸ್. ಬಂಗಾರಪ್ಪ. ಹೊಸ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಬಂದು ಕೂತರು. ಇತ್ತ ಕರ್ನಾಟಕದ ಮಾದರಿಯನ್ನು ಕಂಡು ದೆಹಲಿಯಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತರುವ ಕೆಲಸ ನಡೆದಿತ್ತು. ರಾಜೀವ್ ಗಾಂಧಿಯವರ 64ನೇ ತಿದ್ದುಪಡಿ ಮಸೂದೆ 1989ರಲ್ಲಿ ರಾಜ್ಯಸಭೆಯಲ್ಲಿ ಕೆಲವೇ ಮತಗಳಿಂದ ಬಿದ್ದಿತ್ತು, ಅದರ ಮುಂದಿನ ರೂಪವಾದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಇಡೀ ದೇಶ ಕರ್ನಾಟಕವನ್ನು ನೋಡಿ ಕಲಿಯುತ್ತಿದ್ದ ಹೊತ್ತಿನಲ್ಲೇ ಕರ್ನಾಟಕದ ಜಿಲ್ಲಾ ಪರಿಷತ್ತುಗಳಿಗೆ ಬೀಗ ಬಿದ್ದಿತ್ತು.

ಹಾಗೆ ನೋಡಿದರೆ 73ನೇ ತಿದ್ದುಪಡಿ ಬರೆದವರಿಗೆ ನಮ್ಮ ರಾಜಕಾರಣಿಗಳ ಹುಟ್ಟುಗುಣ ಚೆನ್ನಾಗಿಯೇ ಗೊತ್ತಿತ್ತು. ಅದಕ್ಕೇ ಐದು ವರ್ಷದ ಗಡಿ ಹಾಕಿದರು. ಚುನಾವಣೆ ನಡೆಸುವ ಕೆಲಸವನ್ನು ಸರ್ಕಾರದ ಕೈಯಿಂದ ತೆಗೆದು ಪ್ರತಿ ರಾಜ್ಯಕ್ಕೊಂದು ಚುನಾವಣಾ ಆಯೋಗಕ್ಕೆ ಕೊಟ್ಟರು. ಕರ್ನಾಟಕ 1993ರ ಮೇ ತಿಂಗಳಲ್ಲೇ ಹೊಸ ಕಾಯಿದೆ ಮಾಡಿತು. 1995ರಲ್ಲಿ, ದೇವೇಗೌಡರು ಮುಖ್ಯಮಂತ್ರಿಯಾಗಿದ್ದಾಗ, ಜಿಲ್ಲಾ ಪಂಚಾಯಿತಿ ಎಂಬ ಹೊಸ ಹೆಸರಿನಲ್ಲಿ ಮತದಾನ ನಡೆಯಿತು. ಆಮೇಲೆ 2000, 2005, 2010, 2016. ಸುಮಾರು ನಲವತ್ತು ಸಾವಿರ ಜನಕ್ಕೆ ಒಬ್ಬ ಸದಸ್ಯ. 2010ರಿಂದ ಅರ್ಧ ಸ್ಥಾನ ಹೆಂಗಸರಿಗೆ. ನಜೀರ್ ಸಾಬರ ಪರಿಷತ್ತಿಗಿದ್ದ ತೂಕ ಇದಕ್ಕಿರಲಿಲ್ಲ, ಬೆಂಗಳೂರು ಒಂದೊಂದೇ ಬಾಬತ್ತನ್ನು ಹಿಂದಕ್ಕೆ ಎಳೆದುಕೊಂಡಿತ್ತು. ಆದರೂ ಮತದಾನದ ದಿನ ತಪ್ಪುತ್ತಿರಲಿಲ್ಲ. 2016ರಲ್ಲಿ 30 ಜಿಲ್ಲಾ ಪಂಚಾಯಿತಿಗಳ 1083 ಸ್ಥಾನಗಳಿಗೆ ಚುನಾವಣೆಯಾಗಿ ಕಾಂಗ್ರೆಸ್ 498, ಬಿಜೆಪಿ 408, ಜೆಡಿಎಸ್ 148 ಗೆದ್ದವು. ಹಲವು ಜಿಲ್ಲೆಗಳಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಅದೇ ಕೊನೆ.

2021ರಿಂದ ನಡೆದದ್ದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಇದು ಮರೆವಿನಿಂದ ಆದದ್ದಲ್ಲ. ರಾಜ್ಯ ಚುನಾವಣಾ ಆಯೋಗ ತನ್ನ ಕೆಲಸ ಮಾಡಿತ್ತು. ಕ್ಷೇತ್ರಗಳ ಗಡಿ ಗುರುತಿಸಿತ್ತು, ಮೀಸಲಾತಿಯ ಕರಡು ಪಟ್ಟಿ ಹೊರಡಿಸಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ಕಾಯಿದೆಗೆ ತಿದ್ದುಪಡಿ ತಂದು ಆ ಎರಡೂ ಅಧಿಕಾರವನ್ನು ಆಯೋಗದ ಕೈಯಿಂದ ಕಿತ್ತುಕೊಂಡಿತು. ಗಡಿ ಗುರುತಿಸಲು ಬೇರೆಯೇ ಒಂದು ಆಯೋಗ ಬಂತು. ಹಿಂದುಳಿದ ವರ್ಗಗಳ ಮೀಸಲಾತಿಗೆ ಸುಪ್ರೀಂ ಕೋರ್ಟ್ ಕೇಳಿದ್ದ ಅಂಕಿ ಅಂಶ ಒದಗಿಸಲು ನ್ಯಾಯಮೂರ್ತಿ ಭಕ್ತವತ್ಸಲ ಸಮಿತಿ ಬಂತು. ಸಮಿತಿ 2022ರ ಜುಲೈನಲ್ಲಿ ವರದಿ ಕೊಟ್ಟಿತು. ಅಲ್ಲಿಗೆ ಆ ನೆಪವೂ ಮುಗಿಯಬೇಕಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಮಧ್ಯಪ್ರದೇಶದ ಪ್ರಕರಣದಲ್ಲಿ, ಗಡಿ ಗುರುತಿಸುವ ಕೆಲಸ ಬಾಕಿ ಇದೆ ಎಂಬ ಕಾರಣಕ್ಕೆ ಸ್ಥಳೀಯ ಚುನಾವಣೆ ನಿಲ್ಲಿಸುವಂತಿಲ್ಲ ಎಂದು ಎಲ್ಲ ರಾಜ್ಯಗಳಿಗೂ ಅನ್ವಯವಾಗುವಂತೆ ಹೇಳಿತ್ತು. ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್, ಮತ್ತೆ ಮತ್ತೆ ಕಾಲಾವಕಾಶ ಕೇಳಿದ ಸರ್ಕಾರಕ್ಕೆ ಐದು ಲಕ್ಷ ರೂಪಾಯಿ ದಂಡ ಹಾಕಿತು.

ಐದು ಲಕ್ಷ! ಒಂದು ತಿಂಗಳ ಟೀ ಖರ್ಚಿನಲ್ಲಿ ಸರಿದೂಗಿಸಬಹುದಾದ ಮೊತ್ತ ಅದು.

2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ವಿಳಂಬವನ್ನು ಖಂಡಿಸುತ್ತಿದ್ದವರು ಅಧಿಕಾರಕ್ಕೆ ಬಂದರು. ಆ ವರ್ಷದ ಕೊನೆಗೆ ಕ್ಷೇತ್ರಗಳ ಗಡಿಯ ಅಧಿಸೂಚನೆ ಹೊರಬಿತ್ತು. ಇನ್ನುಳಿದಿದ್ದು ಮೀಸಲಾತಿ ಪಟ್ಟಿ ಒಂದೇ. ಕೆಲವು ವಾರದ ಕೆಲಸ. ವಾರಗಳು ತಿಂಗಳಾದವು, ತಿಂಗಳುಗಳು ವರ್ಷವಾದವು. ಈಗ ವಿಳಂಬವನ್ನು ಖಂಡಿಸುವ ಸರದಿ ಬಿಜೆಪಿಯವರದು. ಆಸನ ಬದಲಾದಾಗ ಸಂವಿಧಾನದ ನೆನಪೂ ಹೀಗೆ ಕೈ ಬದಲಾಗುತ್ತದೆ.

ಯಾಕೆ ಹೀಗೆ? ಕಾರಣ ಎಲ್ಲರಿಗೂ ಗೊತ್ತು, ವೇದಿಕೆಯ ಮೇಲೆ ಯಾರೂ ಹೇಳುವುದಿಲ್ಲ. ನಲವತ್ತು ಸಾವಿರ ಜನರನ್ನು ಪ್ರತಿನಿಧಿಸುವ ಜಿಲ್ಲಾ ಪಂಚಾಯಿತಿ ಸದಸ್ಯ ಶಾಸಕನ ಕಣ್ಣಿಗೆ ಮುಂದಿನ ಚುನಾವಣೆಯಲ್ಲಿ ಟಿಕೆಟ್ ಕೇಳುವವನು. ಒಂದು ವಿಧಾನಸಭಾ ಕ್ಷೇತ್ರದೊಳಗೆ ಅಂಥವರು ನಾಲ್ಕೈದು ಜನ ಇರುತ್ತಾರೆ. ಎದುರು ಪಕ್ಷದವನಾದರೆ ಹೋರಾಡಬಹುದು, ಸ್ವಂತ ಪಕ್ಷದವನಾದರೆ ನಿದ್ದೆ ಬರುವುದಿಲ್ಲ. ಕ್ರಿಯಾ ಯೋಜನೆಯಲ್ಲಿ ಯಾವ ಊರಿನ ರಸ್ತೆ, ಯಾವ ಕೆರೆ, ಯಾವ ಗುತ್ತಿಗೆದಾರ ಎಂದು ತೀರ್ಮಾನಿಸಲು ಇನ್ನೊಬ್ಬ ಪಾಲುದಾರ ಬೇರೆ. ಆ ಕುರ್ಚಿಗಳು ಖಾಲಿ ಇದ್ದರೆ ಎಲ್ಲವೂ ಸಲೀಸು: ಜಿಲ್ಲೆಯ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಉಸ್ತುವಾರಿ ಸಚಿವರು ನಡುವೆ, ಶಾಸಕರು ಅಕ್ಕಪಕ್ಕ, ಸಿಇಒ ಕಡತ ಹಿಡಿದು ಎದುರಿಗೆ. ಪ್ರಶ್ನೆ ಕೇಳಲು ಅಧ್ಯಕ್ಷೆ ಇಲ್ಲ, ಐದು ಸ್ಥಾಯಿ ಸಮಿತಿಗಳಿಲ್ಲ, ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ‘ನಮ್ಮ ಹೋಬಳಿಗೆ ಯಾಕಿಲ್ಲ’ ಎನ್ನುವ ಸದಸ್ಯನಿಲ್ಲ. ಈ ವಿಷಯದಲ್ಲಿ ಮೂರೂ ಪಕ್ಷಗಳ ಶಾಸಕರ ನಡುವೆ ಇರುವಷ್ಟು ಒಗ್ಗಟ್ಟು ಕಾವೇರಿ ವಿಷಯದಲ್ಲೂ ಕಂಡಿಲ್ಲ.

ಇದರಿಂದ ಏನೇನು ಹೋಯಿತು ಎಂದು ಲೆಕ್ಕ ಹಾಕಲು ನಾವು ಕೂತೇ ಇಲ್ಲ. 2021ರ ಡಿಸೆಂಬರಿನಲ್ಲಿ ಸ್ಥಳೀಯ ಸಂಸ್ಥೆಗಳಿಂದ ವಿಧಾನ ಪರಿಷತ್ತಿನ 25 ಸ್ಥಾನಗಳಿಗೆ ಚುನಾವಣೆ ನಡೆದಾಗ ಮತ ಹಾಕಲು ಜಿಲ್ಲಾ, ತಾಲ್ಲೂಕು ಪಂಚಾಯಿತಿಯ ಸದಸ್ಯರೇ ಇರಲಿಲ್ಲ. ಮೇಲ್ಮನೆಯ ಮೂರನೇ ಒಂದು ಭಾಗ ಹಾಗೆ ಆರಿಸಿ ಬಂತು. ಜಿಲ್ಲಾ ಯೋಜನಾ ಸಮಿತಿಯ ಐವರಲ್ಲಿ ನಾಲ್ವರು ಚುನಾಯಿತ ಪಂಚಾಯಿತಿ, ಪುರಸಭೆಗಳ ಸದಸ್ಯರೇ ಆಗಿರಬೇಕೆಂದು ಸಂವಿಧಾನ ಹೇಳುತ್ತದೆ. ಜಿಲ್ಲಾ ಪಂಚಾಯಿತಿಯೇ ಇಲ್ಲದಿದ್ದರೆ ಆ ಸಮಿತಿಗೆ ಬೆನ್ನೆಲುಬು ಎಲ್ಲಿಂದ ಬರಬೇಕು? ಕೇಂದ್ರ ಹಣಕಾಸು ಆಯೋಗದ ಅನುದಾನಕ್ಕೂ ಚುನಾಯಿತ ಸಂಸ್ಥೆ ಇರಬೇಕೆಂಬ ಷರತ್ತಿದೆ. ಬಳ್ಳಾರಿಯಿಂದ ಬೇರ್ಪಟ್ಟು 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆ ತನ್ನದೇ ಜಿಲ್ಲಾ ಪಂಚಾಯಿತಿಗೆ ಒಮ್ಮೆಯೂ ಮತ ಹಾಕಿಲ್ಲ. ಹಂಪಿ ಇರುವ ಜಿಲ್ಲೆ, ನಾಡಹಬ್ಬದ ಮೆರವಣಿಗೆಯಲ್ಲಿ ಸ್ತಬ್ಧಚಿತ್ರಕ್ಕೆ ಬೇಕಾಗುವ ಜಿಲ್ಲೆ. ಹೊಸದಾಗಿ ಹುಟ್ಟಿದ ಹತ್ತಾರು ತಾಲ್ಲೂಕುಗಳ ಕಥೆಯೂ ಅದೇ. ತಾಲ್ಲೂಕು ಆಯಿತೆಂದು ಪಟಾಕಿ ಹೊಡೆದರು, ತಾಲ್ಲೂಕು ಪಂಚಾಯಿತಿಗೆ ಮತ ಹಾಕಿದ್ದಿಲ್ಲ.

1998ರ ನಂತರ ಹುಟ್ಟಿದ ಹಳ್ಳಿಯ ಯಾವ ಹುಡುಗನೂ ಹುಡುಗಿಯೂ ತಮ್ಮ ಜಿಲ್ಲೆಯ ಆಡಳಿತಕ್ಕೆ ಮತ ಹಾಕಿ ಗೊತ್ತಿಲ್ಲ. ಇಪ್ಪತ್ತೇಳು ವರ್ಷ ತುಂಬಿದವರು ಇದ್ದಾರೆ ಅವರಲ್ಲಿ. ಮದುವೆಯಾಗಿ ಮಕ್ಕಳನ್ನು ಶಾಲೆಗೆ ಸೇರಿಸಿದವರಿದ್ದಾರೆ. ಆ ಶಾಲೆಯ ಮೇಲುಸ್ತುವಾರಿ ಯಾವ ಸಂಸ್ಥೆಯದೋ ಅದಕ್ಕೆ ಅವರ ಮತ ಇನ್ನೂ ಬೇಕಾಗಿಲ್ಲ.

ಇನ್ನು ಹೆಂಗಸರ ಮಾತು. 2023ರಲ್ಲಿ ನಮ್ಮ ವಿಧಾನಸಭೆಗೆ ಗೆದ್ದು ಬಂದ ಮಹಿಳೆಯರು 224ರಲ್ಲಿ 10. ಜಿಲ್ಲಾ ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಅವರದು, ಅಂದರೆ ರಾಜ್ಯದಲ್ಲಿ ಐನೂರಕ್ಕೂ ಹೆಚ್ಚು. ತಾಲ್ಲೂಕು ಪಂಚಾಯಿತಿಗಳಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು. ಚುನಾವಣೆ ನಡೆಸದೆ ಅಷ್ಟೂ ಹೆಂಗಸರನ್ನು ಮನೆಗೆ ಕಳಿಸಿದ್ದೇವೆ. ಮಹಿಳಾ ಮೀಸಲಾತಿಗೆ ಬದ್ಧ ಎಂದು ಎಲ್ಲ ಪಕ್ಷದವರೂ ಭಾಷಣ ಮಾಡಿದ ವರ್ಷಗಳಲ್ಲೇ ಇದು ನಡೆದಿದೆ. ಪರಿಶಿಷ್ಟ ಜಾತಿ, ಪಂಗಡದವರ, ಹಿಂದುಳಿದವರ ಕುರ್ಚಿಗಳೂ ಅದರೊಳಗೇ ಇದ್ದವು. ಅವರ ಮೀಸಲಾತಿಯನ್ನು ಸರಿಯಾಗಿ ನಿಗದಿ ಮಾಡಬೇಕೆಂದೇ ಚುನಾವಣೆ ತಡವಾಯಿತು ಎನ್ನುತ್ತಾರೆ. ನ್ಯಾಯವಾಗಿ ಬಡಿಸಬೇಕು ಎನ್ನುತ್ತಾ ನಾಲ್ಕು ವರ್ಷ ಯಾರಿಗೂ ಎಲೆಯನ್ನೇ ಹಾಕದ ಪಂಕ್ತಿ ಇದು.

ನನಗೆ ಗೊತ್ತು, ಇಷ್ಟು ಓದಿದವರಲ್ಲಿ ಕೆಲವರು ಮೂಗು ಮುರಿಯುತ್ತಿದ್ದಾರೆ. ‘ಜಿಲ್ಲಾ ಪಂಚಾಯಿತಿ ಇದ್ದಾಗ ಏನು ಕಡಿದು ಕಟ್ಟೆ ಹಾಕಿದರು? ಇಪ್ಪತ್ತು ತಿಂಗಳಿಗೊಬ್ಬ ಅಧ್ಯಕ್ಷ, ಅವಿಶ್ವಾಸ ಗೊತ್ತುವಳಿ ಬಂದರೆ ರೆಸಾರ್ಟ್, ಅಧ್ಯಕ್ಷೆಯ ಹೆಸರಿನಲ್ಲಿ ಗಂಡನ ದರ್ಬಾರು, ಕಾಮಗಾರಿಗೆ ಪರ್ಸೆಂಟೇಜು.’ ಇದರಲ್ಲಿ ಸುಳ್ಳೇನಿಲ್ಲ. ಇಪ್ಪತ್ತು ತಿಂಗಳ ಸರದಿಯ ಕಾಲದಲ್ಲಿ ಅಧ್ಯಕ್ಷರಿಗೆ ಕಡತದ ಪರಿಚಯ ಆಗುವಷ್ಟರಲ್ಲಿ ರಾಜೀನಾಮೆಯ ದಿನ ಬರುತ್ತಿತ್ತು. ಆದರೆ ನಮ್ಮ ಶಾಸಕರೂ ಮುಂಬಯಿಯ ಹೋಟೆಲಿನಲ್ಲಿ, ಬಿಡದಿಯ ರೆಸಾರ್ಟಿನಲ್ಲಿ ದಿನಗಟ್ಟಲೆ ಕೂತದ್ದನ್ನು 2018ರಲ್ಲಿ, 2019ರಲ್ಲಿ ಟಿವಿಯಲ್ಲಿ ನೋಡಿದೆವು. ವಿಧಾನಸೌಧಕ್ಕೆ ಆಡಳಿತಾಧಿಕಾರಿಯನ್ನು ನೇಮಿಸಿ ಎಂದು ಆಗ ಯಾರೂ ಹೇಳಲಿಲ್ಲ. ಗಂಡನ ದರ್ಬಾರನ್ನು ಮುರಿದವರೂ ಹೆಂಗಸರೇ. ಮೊದಲ ಸಭೆಯಲ್ಲಿ ಸೆರಗು ಹಿಡಿದು ಮೂಲೆಯಲ್ಲಿ ಕೂತವರು ಮೂರನೇ ವರ್ಷದಲ್ಲಿ ಇಂಜಿನಿಯರನ್ನು ಹೆಸರು ಹಿಡಿದು ಎಬ್ಬಿಸಿ ಕೇಳಿದ ಉದಾಹರಣೆ ಯಾವ ಜಿಲ್ಲೆಯಲ್ಲಿಲ್ಲ? ಆ ಮೂರನೇ ವರ್ಷ ಬರಬೇಕಾದರೆ ಮೊದಲನೇ ವರ್ಷ ಇರಬೇಕು. ಭ್ರಷ್ಟ ಸದಸ್ಯನನ್ನು ಐದು ವರ್ಷಕ್ಕಾದರೂ ಮನೆಗೆ ಕಳಿಸಬಹುದು. ಆಡಳಿತಾಧಿಕಾರಿಯನ್ನು ಯಾವ ಮತದಿಂದ ಕಳಿಸುತ್ತೀರಿ?

ಚುನಾವಣೆ ನಡೆಸುವುದು ಕಷ್ಟ ಎನ್ನುವವರು ತಲಪಾಡಿಯ ಆಚೆ ಇಣುಕಿ ನೋಡಲಿ. ಕೇರಳ ಗಡಿಯ ಆ ಕಡೆ ಮಂಜೇಶ್ವರ, ಕುಂಬಳೆಯ ಕನ್ನಡಿಗರು, ತುಳುವರು ಕಾಸರಗೋಡು ಜಿಲ್ಲಾ ಪಂಚಾಯಿತಿಗೆ 1995ರಿಂದ ಐದು ವರ್ಷಕ್ಕೊಮ್ಮೆ ಮತ ಹಾಕುತ್ತ ಬಂದಿದ್ದಾರೆ. 2020ರ ಡಿಸೆಂಬರಿನಲ್ಲಿ, ಕೋವಿಡ್ ಇರುವಾಗಲೇ, ಗ್ರಾಮ, ಬ್ಲಾಕ್, ಜಿಲ್ಲೆ ಮೂರಕ್ಕೂ ಒಂದೇ ದಿನ ಮತ ಹಾಕಿ ಮನೆಗೆ ಹೋದರು. ಗಡಿಯಾಚೆ ಸೇರಿದ್ದಕ್ಕೆ ಅವರ ಬಗ್ಗೆ ನಾವು ಮರುಗುತ್ತೇವೆ, ಭಾಷೆಯ ವಿಷಯದಲ್ಲಿ ಆ ಮರುಕ ನ್ಯಾಯವೂ ಹೌದು. ಮತದ ವಿಷಯದಲ್ಲಿ ಅವರೇ ನಮಗೆ ಮರುಗಬೇಕು. ಅಷ್ಟೇಕೆ, ಅದೇ 2020ರ ಡಿಸೆಂಬರಿನಲ್ಲಿ ನಮ್ಮ ರಾಜ್ಯ ಚುನಾವಣಾ ಆಯೋಗವೂ ಸಾವಿರಾರು ಗ್ರಾಮ ಪಂಚಾಯಿತಿಗಳಿಗೆ ಎರಡು ಹಂತದಲ್ಲಿ ಚುನಾವಣೆ ನಡೆಸಿ ಮುಗಿಸಿತ್ತು. ಕೈಲಾಗದ ಕೆಲಸವೇನಲ್ಲ ಇದು.

ಹಾಗಾಗಿ ಕೇಳುತ್ತಿದ್ದೇನೆ, ಮೊದಲು ಮುಖ್ಯಮಂತ್ರಿ ಸಿದ್ದರಾಮಯ್ಯನವರನ್ನೇ. ಸ್ವಾಮಿ, 1978ರಲ್ಲಿ ‘ಮೀಸಲಾತಿ ಪಟ್ಟಿ ಸಿದ್ಧವಿಲ್ಲ’ ಎಂದು ಯಾರಾದರೂ ಮೈಸೂರು ತಾಲ್ಲೂಕಿನ ಚುನಾವಣೆಯನ್ನು ಇನ್ನೂ ಐದು ವರ್ಷ ಮುಂದೂಡಿದ್ದರೆ ನೀವು ಎಲ್ಲಿರುತ್ತಿದ್ದಿರಿ? ಒಳ್ಳೆಯ ವಕೀಲರಾಗಿರುತ್ತಿದ್ದಿರಿ, ಅನುಮಾನವಿಲ್ಲ. ಈ ನಾಲ್ಕು ವರ್ಷಗಳಲ್ಲಿ ಯಾವುದೋ ಹೋಬಳಿಯಲ್ಲಿ ಅಂಥವನೇ ಒಬ್ಬ ಹುಡುಗ, ಅಂಥವಳೇ ಒಬ್ಬ ಹುಡುಗಿ ಆ ಬಾಗಿಲ ಮುಂದೆ ನಿಂತು, ಅದು ತೆರೆಯದೆ, ಕೊನೆಗೆ ಬೆಂಗಳೂರಿನ ಬಸ್ಸು ಹತ್ತಿರಬಹುದು.

ಬೊಮ್ಮಾಯಿಯವರ ಪಕ್ಷದವರನ್ನೂ ಕೇಳುತ್ತೇನೆ. ಆಯೋಗದ ಅಧಿಕಾರ ಕಿತ್ತುಕೊಂಡ ತಿದ್ದುಪಡಿ ನಿಮ್ಮದು. ಅದು ತಪ್ಪಾಗಿತ್ತು ಎಂದು ಸದನದಲ್ಲಿ ಒಂದು ಸಾಲು ಹೇಳಿ, ಆಮೇಲೆ ಧರಣಿ ಕೂರಿ. ಆಗ ನಿಮ್ಮ ಧರಣಿಯ ಪಕ್ಕ ನಾವೂ ಬಂದು ಕೂರುತ್ತೇವೆ. ಜೆಡಿಎಸ್‌ನವರೇ, 1995ರಲ್ಲಿ ನಿಮ್ಮ ನಾಯಕರು ಮಾಡಿದ್ದನ್ನು ಪೋಸ್ಟರಿನಲ್ಲಿ ಹಾಕಿಕೊಳ್ಳುವ ಹಕ್ಕು ನಿಮಗಿದೆ. ಯಾಕೆ ಹಾಕಿಕೊಳ್ಳುತ್ತಿಲ್ಲ?

ಮಾಜಿ ಸದಸ್ಯರೇ, ಊರಿನ ಜಾತ್ರೆಗೆ ಶುಭ ಕೋರುವ ಫ್ಲೆಕ್ಸಿನಲ್ಲಿ ನಿಮ್ಮ ಹೆಸರಿನ ಕೆಳಗೆ ‘ಜಿ.ಪಂ. ಮಾಜಿ ಸದಸ್ಯರು’ ಎಂದು ಇನ್ನೂ ಬರೆಸುತ್ತೀರಿ. ಸಾವಿರಕ್ಕೂ ಹೆಚ್ಚು ಜನ ಇದ್ದೀರಿ, ಹೆಂಗಸರೇ ಅರ್ಧ. ಮೂರೂ ಪಕ್ಷದವರೂ ಒಟ್ಟಾಗಿ ಒಂದು ದಿನ ನಿಮ್ಮ ನಿಮ್ಮ ಜಿಲ್ಲಾ ಪಂಚಾಯಿತಿ ಕಚೇರಿಯ ಸಭಾಂಗಣಕ್ಕೆ ಹೋಗಿ ಕೂರಿ. ಆ ಸಭಾಂಗಣ ನಿಮಗೆ ಗೊತ್ತು, ಯಾವ ಮೈಕು ಕೆಟ್ಟಿದೆ ಎಂಬುದೂ ಗೊತ್ತು. ಟಿಕೆಟ್ ತಪ್ಪುತ್ತದೆ ಎಂಬ ಹೆದರಿಕೆಯೇ? ಚುನಾವಣೆಯೇ ಇಲ್ಲದ ಮೇಲೆ ಯಾವ ಟಿಕೆಟ್ಟು?

ಪಟ್ಟಣದಲ್ಲಿ ಕೂತು ಇದನ್ನು ಓದುತ್ತಿರುವವರೇ, ಊರಿನಲ್ಲಿ ನಿಮ್ಮ ಅಪ್ಪ ಅಮ್ಮ ಇದ್ದಾರೆ. ಅಮ್ಮನ ಬಿಪಿ ಮಾತ್ರೆ ಬರುವುದು ಜಿಲ್ಲಾ ಪಂಚಾಯಿತಿ ನೋಡಿಕೊಳ್ಳಬೇಕಾದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ. ಬೆಂಗಳೂರಿನ ಪಾಲಿಕೆಗೆ 2020ರಿಂದ ಚುನಾಯಿತ ಸದಸ್ಯರಿಲ್ಲವೆಂದು ನೀವು ರೇಗಿದಾಗ ನಿಮ್ಮ ಸಿಟ್ಟು ಸರಿಯಾಗಿಯೇ ಇತ್ತು. ಅದೇ ಸಿಟ್ಟಿನಲ್ಲಿ ಊರಿಗೂ ಸ್ವಲ್ಪ ಪಾಲು ಕೊಡಿ.

ಇನ್ನು ಹಳ್ಳಿಯಲ್ಲೇ ಇರುವವರಿಗೆ. ಮುಂದಿನ ಗ್ರಾಮಸಭೆ ಕರೆದಾಗ ಮನೆಯಲ್ಲಿ ಉಳಿಯಬೇಡಿ. ಮನೆಯ ಪಟ್ಟಿ, ಚರಂಡಿ, ನರೇಗಾ ಕೂಲಿಯ ಮಾತೆಲ್ಲ ಮುಗಿದ ಮೇಲೆ ಎದ್ದು ನಿಂತು ಒಂದು ಠರಾವು ಬರೆಯಲು ಹೇಳಿ: ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗೆ ಚುನಾವಣೆಯ ದಿನಾಂಕ ತಿಳಿಸಬೇಕು. ಪಿಡಿಒ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎನ್ನಬಹುದು. ಬರೆದುಕೊಳ್ಳಲಿ, ವ್ಯಾಪ್ತಿಯನ್ನು ಆಮೇಲೆ ನೋಡೋಣ. ನಡಾವಳಿ ಪುಸ್ತಕದಲ್ಲಿ ದಾಖಲಾದ ಮೇಲೆ ಪ್ರತಿಗಳನ್ನು ಕೇಳಿ ಪಡೆಯಿರಿ, ಒಂದನ್ನು ರಾಜ್ಯ ಚುನಾವಣಾ ಆಯೋಗಕ್ಕೆ, ಒಂದನ್ನು ಶಾಸಕರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಒಂದು ಊರಿನಿಂದ ಬಂದರೆ ಕಸದ ಬುಟ್ಟಿಗೆ ಹೋಗುತ್ತದೆ, ಸಂದೇಹವಿಲ್ಲ. ಕರ್ನಾಟಕದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿವೆ. ಅಷ್ಟು ದೊಡ್ಡ ಕಸದ ಬುಟ್ಟಿ ವಿಧಾನಸೌಧದಲ್ಲೂ ಇಲ್ಲ. ಶಾಸಕರು ಮುಂದಿನ ಸಲ ಗುದ್ದಲಿ ಪೂಜೆಗೆ ಬಂದಾಗ ಹಾರ ಹಾಕಿ, ಕಾಯಿ ಒಡೆಯಲಿ, ಫೋಟೋ ಆಗಲಿ. ಅವರು ಕಾರು ಹತ್ತುವ ಮೊದಲು ಆ ಠರಾವಿನ ಪ್ರತಿಯನ್ನು ಕೈಗಿಟ್ಟು ದಿನಾಂಕ ಕೇಳಿ.